ಹಳೆಯ ಪೆಟ್ರೋಲ್ ಕಾರು ಚಾಲೂ ಆಗದಿದ್ದಾಗ: ದೋಷ ಕಂಡುಹಿಡಿಯುವ ಕ್ರಮ



ಅಂಬಾಸಿಡರ್ ಮತ್ತು ಮಾರುತಿ 800 ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತುಹೋಗಿತ್ತು. ಆದರೂ ಹಳ್ಳಿಯ ಮನೆಗಳ ಕೊಟ್ಟಿಗೆಯ ಪಕ್ಕದಲ್ಲಿ, ಹುಲ್ಲಿನ ಬಣವೆಯ ಮಗ್ಗುಲಲ್ಲಿ ಇಂಥ ಕಾರುಗಳು ಇನ್ನೂ ಉಳಿದಿವೆ. ಇವು ದಿನನಿತ್ಯ ಓಡುವುದಿಲ್ಲ. ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಎಂದು ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಹೊರಡುತ್ತವೆ. ಬೇಕಾದ ದಿನವೇ ಅವು ಚಾಲೂ ಆಗದೆ ಕೂರುವುದಕ್ಕೆ ಇದೇ ಒಂದು ಮುಖ್ಯ ಕಾರಣ.

ಆಗ ನಡೆಯುವುದೇನು? ಬ್ಯಾಟರಿ ಇಳಿಯುವವರೆಗೆ ಸೆಲ್ಫ್ ಹೊಡೆಯಲಾಗುತ್ತದೆ. ಆಮೇಲೆ ನಾಲ್ಕು ಜನ ಸೇರಿ ನೂಕುತ್ತಾರೆ. ಅದೂ ಆಗದಿದ್ದರೆ ಕಾರ್ಬುರೇಟರಿನ ಬಾಯಿಗೆ ಪೆಟ್ರೋಲು ಸುರಿಯುತ್ತಾರೆ. ಕೊನೆಗೆ ಊಹೆಯ ಮೇಲೆ ಪಂಪು, ಪ್ಲಗ್, ಕಾಯಿಲ್ ಒಂದೊಂದಾಗಿ ಬದಲಾಗುತ್ತವೆ. ಹಣ ಹೋಗುತ್ತದೆ, ದೋಷ ಉಳಿಯುತ್ತದೆ. ಬಾಯಿಗೆ ಪೆಟ್ರೋಲು ಸುರಿಯುವಲ್ಲಿ ಕೈ, ಮುಖ ಸುಟ್ಟುಕೊಳ್ಳುವ ಅಪಾಯವೂ ಇದೆ.

ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿದ್ದರೆ ನೀವು ಏನು ಮಾಡುತ್ತೀರಿ? ಗದ್ದೆಯಿಂದ ತೂಬಿನ ಕಡೆಗೆ ಬದುವಿನ ಮೇಲೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ ಎಂದು ನೋಡುತ್ತೀರಿ. ನೀರು ಕಂಡ ಜಾಗಕ್ಕೂ ಕಾಣದ ಜಾಗಕ್ಕೂ ನಡುವೆ ತಡೆ ಇರಲೇಬೇಕು. ಕಾರಿನ ಪೆಟ್ರೋಲಿಗೂ ಇದೇ ಕ್ರಮ. ಕಾರ್ಬುರೇಟರಿನಿಂದ ಹಿಂದಕ್ಕೆ ಟ್ಯಾಂಕಿನವರೆಗೆ ಒಂದೊಂದೇ ಮೆಟ್ಟಿಲು ನೋಡುತ್ತ ಹೋದರೆ ದೋಷದ ಸ್ಥಳ ತಾನಾಗಿ ಸಿಗುತ್ತದೆ. ಅಲ್ಲಿಯವರೆಗೆ ಯಾವ ಭಾಗವನ್ನೂ ಕೊಳ್ಳುವ ಅಗತ್ಯವಿಲ್ಲ.

ಒಂದು ಮಾತು ಮೊದಲೇ ಹೇಳಬೇಕು. ಮನೆಯಲ್ಲಿ ಹೆರಿಗೆ ನೋವು, ಹಾವು ಕಡಿತ, ಎದೆನೋವು ಇದ್ದಾಗ ರಿಪೇರಿಗೆ ಕೂರಕೂಡದು. ತಕ್ಷಣ 108ಕ್ಕೆ ಕರೆ ಮಾಡಿ, ಇಲ್ಲವೇ ಸಿಕ್ಕ ವಾಹನದಲ್ಲಿ ಹೊರಡಿ. ಇಲ್ಲಿ ಹೇಳುವ ಪರೀಕ್ಷೆಗಳು ಬಿಡುವಿನ ಹಗಲಿಗೆ.

ಎಚ್ಚರಿಕೆ

ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಅದು ನೆಲದ ಮಟ್ಟದಲ್ಲಿ, ತಗ್ಗಿನಲ್ಲಿ ನಿಂತು, ದೂರದ ಕಿಡಿಗೂ ಹತ್ತಿಕೊಳ್ಳುತ್ತದೆ. ಆದ್ದರಿಂದ,

1. ಕಾರನ್ನು ಕೊಟ್ಟಿಗೆಯಿಂದ ಹೊರಗೆ, ಗಾಳಿಯಾಡುವ ಬಯಲಿಗೆ ನೂಕಿ ತನ್ನಿ. ಹುಲ್ಲು, ಒಲೆ, ಬೀಡಿ, ಕಂದೀಲು ಹತ್ತಿರ ಇರಕೂಡದು.
2. ಒಂದು ಬಕೆಟ್ ಒಣ ಮರಳನ್ನು ಪಕ್ಕದಲ್ಲಿಡಿ. ಪೆಟ್ರೋಲಿನ ಬೆಂಕಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.
3. ಎಂಜಿನ್ ತಣ್ಣಗಿರಲಿ. ಗೇರು ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ.
4. ಪೆಟ್ರೋಲನ್ನು ಬಾಯಿಂದ ಎಳೆಯಕೂಡದು. ಒಂದು ಗುಟುಕು ಶ್ವಾಸಕೋಶಕ್ಕೆ ಇಳಿದರೂ ಪ್ರಾಣಾಪಾಯವಾಗಬಹುದು.
5. ಪರೀಕ್ಷೆಗೆ ತೆಗೆದ ಪೆಟ್ರೋಲನ್ನು ಕುಡಿಯುವ ನೀರಿನ ಬಾಟಲಿಯಲ್ಲಿ ಬಿಟ್ಟು ಹೋಗಬೇಡಿ. ಮಕ್ಕಳು ಕುಡಿದಾರು.

ಪೆಟ್ರೋಲು ಸಾಗುವ ಹಾದಿ

ಹಿಂದಿನ ಟ್ಯಾಂಕಿನಿಂದ ಸಣ್ಣ ಲೋಹದ ಪೈಪೊಂದು ಕಾರಿನ ತಳದಲ್ಲಿ ಮುಂದಕ್ಕೆ ಬರುತ್ತದೆ. ಎಂಜಿನ್ನಿನ ಹತ್ತಿರ ಅದಕ್ಕೆ ರಬ್ಬರ್ ಪೈಪು ಸೇರುತ್ತದೆ. ನಡುವೆ ಒಂದು ಫಿಲ್ಟರು ಇರುತ್ತದೆ. ಅಲ್ಲಿಂದ ಪೆಟ್ರೋಲು ಎಂಜಿನ್ನಿಗೆ ಅಂಟಿಕೊಂಡಿರುವ ಯಾಂತ್ರಿಕ ಪಂಪಿಗೆ ಹೋಗುತ್ತದೆ. ಈ ಪಂಪಿನಲ್ಲಿ ಡಯಾಫ್ರಮ್ ಎಂಬ ಬಿಲ್ಲೆ ಮತ್ತು ಎರಡು ಸಣ್ಣ ಕವಾಟಗಳಿವೆ. ಎಂಜಿನ್ ಎರಡು ಸುತ್ತು ತಿರುಗಿದಾಗ ಪಂಪಿನದು ಒಂದು ಹೊಡೆತ. ಪಂಪಿನಿಂದ ಪೆಟ್ರೋಲು ಕಾರ್ಬುರೇಟರಿನ ಬಟ್ಟಲಿಗೆ ಬೀಳುತ್ತದೆ. ಬಟ್ಟಲು ತುಂಬಿದೊಡನೆ ತೇಲುವ ಫ್ಲೋಟು ಮೇಲೆದ್ದು ಸೂಜಿ ಕವಾಟವನ್ನು ಮುಚ್ಚುತ್ತದೆ. ಮೇಲಿನ ನೀರಿನ ತೊಟ್ಟಿಯ ಬಾಲ್ ಕಾಕಿನಂತೆಯೇ ಇದರ ಕೆಲಸ. ಬಟ್ಟಲಿನ ಪೆಟ್ರೋಲು ಜೆಟ್ಟುಗಳ ಮೂಲಕ ಗಾಳಿಯೊಡನೆ ಬೆರೆತು ಎಂಜಿನ್ನಿಗೆ ಹೋಗುತ್ತದೆ.

ಮಲ್ಟಿಪಾಯಿಂಟ್ ಇಂಜೆಕ್ಷನ್ ಇರುವ ಕಾರುಗಳಿಗೆ ಈ ಲೇಖನ ಅನ್ವಯಿಸುವುದಿಲ್ಲ. ಅವುಗಳ ಪೈಪಿನಲ್ಲಿ ಪೆಟ್ರೋಲು ಹೆಚ್ಚು ಒತ್ತಡದಲ್ಲಿರುತ್ತದೆ. ಅಂಥ ಪೈಪನ್ನು ಮನೆಯಲ್ಲಿ ಕಳಚಕೂಡದು.

ದೋಷ ಪೆಟ್ರೋಲಿನದೇ, ಕಿಡಿಯದೇ?

ಮೊದಲು ಇದನ್ನು ತೀರ್ಮಾನಿಸಬೇಕು. ಸೆಲ್ಫ್ ಎಂಜಿನ್ನನ್ನು ಚುರುಕಾಗಿ ತಿರುಗಿಸುತ್ತಿದ್ದರೆ ಬ್ಯಾಟರಿ ಸರಿಯಾಗಿದೆ. ಮುಲುಗುತ್ತ ತಿರುಗಿದರೆ ಮೊದಲು ಬ್ಯಾಟರಿಯನ್ನು ಚಾರ್ಜ್ ಮಾಡಿಸಿ. ಒಂದು ಸಲಕ್ಕೆ 10 ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ. ನಡುವೆ ಅರ್ಧ ನಿಮಿಷ ಬಿಡುವು ಕೊಡಿ.

ಕಿಡಿ ನೋಡಲು ಬೇರೊಂದು ಪ್ಲಗ್ ಬಳಸುವುದು ಕ್ಷೇಮ. ಎಂಜಿನ್ನಿನ ಪ್ಲಗ್‌ಗಳು ತಮ್ಮ ಜಾಗದಲ್ಲೇ ಇರಲಿ. ಒಂದು ಪ್ಲಗ್‌ನ ತಂತಿಯನ್ನು ಕಳಚಿ ಬೇರೆ ಪ್ಲಗ್‌ಗೆ ಸಿಕ್ಕಿಸಿ. ಅದರ ಲೋಹದ ಮೈ ಎಂಜಿನ್ನಿನ ಬರಿಯ ಲೋಹಕ್ಕೆ ತಾಗುವಂತೆ ಇರಿಸಿ, ಕೈ ತೆಗೆದು, ಒಬ್ಬರಿಂದ ಸೆಲ್ಫ್ ಹೊಡೆಸಿ. ನೀಲಿ ಬಣ್ಣದ ಚುರುಕು ಕಿಡಿ ಕಂಡರೆ ಕಿಡಿಯ ಕಡೆ ಸಾಮಾನ್ಯವಾಗಿ ಸರಿ. ಕಿಡಿಯಿಲ್ಲದಿದ್ದರೆ ಡಿಸ್ಟ್ರಿಬ್ಯೂಟರು, ಪಾಯಿಂಟು, ಕಾಯಿಲ್ ನೋಡಬೇಕು. ಕಿಡಿಯ ಪರೀಕ್ಷೆ ಪೂರ್ತಿ ಮುಗಿದ ನಂತರವೇ ಪೆಟ್ರೋಲಿನ ಪೈಪನ್ನು ಕಳಚತಕ್ಕದ್ದು. ಎರಡನ್ನೂ ಒಟ್ಟಿಗೆ ಮಾಡಕೂಡದು.

ಈಗ ಎಂಜಿನ್ನಿನ ಒಂದು ಪ್ಲಗ್ ಬಿಚ್ಚಿ ನೋಡಿ. ತುದಿ ಒಣಗಿದ್ದು ವಾಸನೆಯೇ ಇಲ್ಲದಿದ್ದರೆ ಪೆಟ್ರೋಲು ಬರುತ್ತಿಲ್ಲ. ತುದಿ ಒದ್ದೆಯಾಗಿದ್ದು ಪೆಟ್ರೋಲಿನ ವಾಸನೆ ಹೊಡೆದರೆ ಪೆಟ್ರೋಲು ಬರುತ್ತಿದೆ, ಪ್ರಾಯಶಃ ಹೆಚ್ಚಾಗಿಯೇ ಬರುತ್ತಿದೆ. ಪ್ಲಗ್ಗನ್ನು ಮತ್ತೆ ಬಿಗಿದು ಮುಂದಕ್ಕೆ ಹೋಗಿ.

ಮೊದಲನೆಯ ಪರೀಕ್ಷೆ: ಬಟ್ಟಲಿನಲ್ಲಿ ಪೆಟ್ರೋಲು ಇದೆಯೇ?

ಕೀಲಿ ಬಂದ್ ಇರಲಿ. ಏರ್ ಕ್ಲೀನರಿನ ಮುಚ್ಚಳ ತೆಗೆಯಿರಿ. ಚೋಕಿನ ತಟ್ಟೆಯನ್ನು ಬೆರಳಿನಿಂದ ತೆರೆದು, ಆಕ್ಸಿಲರೇಟರಿನ ಕಡ್ಡಿಯನ್ನು ಕೈಯಿಂದ ಒತ್ತಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಮುಖವನ್ನು ಹತ್ತಿರ ತರಬೇಡಿ. ಸಣ್ಣ ಧಾರೆಯೊಂದು ಚಿಮ್ಮಿದರೆ ಬಟ್ಟಲಿನಲ್ಲಿ ಪೆಟ್ರೋಲು ಇದೆ. ಆಗ ಟ್ಯಾಂಕು, ಪಂಪುಗಳ ಮೇಲೆ ಅನುಮಾನ ಬೇಡ.

ಧಾರೆ ಚಿಮ್ಮಿದರೂ ಬೆಳಗಿನ ಚಳಿಯಲ್ಲಿ ಎಂಜಿನ್ ಹಿಡಿಯದಿದ್ದರೆ ಚೋಕನ್ನು ನೋಡಿ. ಗುಂಡಿ ಎಳೆದಾಗ ತಟ್ಟೆ ಪೂರ್ತಿ ಮುಚ್ಚಬೇಕು. ಕೇಬಲ್ಲು ಜಾರಿದ್ದರೆ ಗುಂಡಿ ಹೊರಗೆ ಬರುತ್ತದೆ, ತಟ್ಟೆ ಮಾತ್ರ ಅಲುಗುವುದಿಲ್ಲ. ಒಂದು ಸ್ಕ್ರೂ ಬಿಗಿದರೆ ಮುಗಿಯುವ ಈ ಕೆಲಸಕ್ಕೆ ಕಾರ್ಬುರೇಟರನ್ನೇ ಬಿಚ್ಚುವವರುಂಟು.

ಧಾರೆ ಬಾರದಿದ್ದರೆ ಎರಡನೆಯ ಪರೀಕ್ಷೆಗೆ ಹೋಗಿ. ಎಸ್.ಯು. ಮಾದರಿಯ ಕಾರ್ಬುರೇಟರಿಗೆ ಈ ಧಾರೆಯ ಏರ್ಪಾಡೇ ಇಲ್ಲ. ಅಂಥದಕ್ಕೆ ನೇರವಾಗಿ ಎರಡನೆಯ ಪರೀಕ್ಷೆಯೇ ಸರಿ.

ವಾರಗಟ್ಟಲೆ ನಿಂತ ಕಾರಿನ ಬಟ್ಟಲಿನ ಪೆಟ್ರೋಲು ಆವಿಯಾಗಿ ಹೋಗಿರುತ್ತದೆ. ಇದು ದೋಷವಲ್ಲ. ಬಿಡುವು ಕೊಡುತ್ತ ಮೂರು ನಾಲ್ಕು ಸಲ ಸೆಲ್ಫ್ ಹೊಡೆದರೆ ಪಂಪು ಬಟ್ಟಲನ್ನು ತುಂಬುತ್ತದೆ. ಕೆಲವು ಪಂಪುಗಳಿಗೆ ಕೈಯಿಂದ ಒತ್ತುವ ಸಣ್ಣ ಮೀಟು ಇರುತ್ತದೆ. ಅದನ್ನು ಇಪ್ಪತ್ತು ಸಲ ಒತ್ತಿದರೆ ಬ್ಯಾಟರಿಯೂ ಉಳಿಯುತ್ತದೆ.

ಎರಡನೆಯ ಪರೀಕ್ಷೆ: ಕಾರ್ಬುರೇಟರಿನ ಬಾಗಿಲಿಗೆ ಬರುತ್ತಿದೆಯೇ?

ಕಾಯಿಲ್‌ಗೆ ಬರುವ ಸಣ್ಣ ತಂತಿಯನ್ನು ಕಳಚಿ ತುದಿಗೆ ಟೇಪು ಸುತ್ತಿ. ಹೀಗೆ ಮಾಡಿದರೆ ಎಂಜಿನ್ ತಿರುಗಿದರೂ ಪ್ಲಗ್‌ಗಳಲ್ಲಿ ಕಿಡಿ ಹುಟ್ಟುವುದಿಲ್ಲ. ಪಂಪಿನಿಂದ ಕಾರ್ಬುರೇಟರಿಗೆ ಬರುವ ಪೈಪಿನ ಕ್ಲಿಪ್ಪು ಸಡಿಲಿಸಿ, ಪೈಪನ್ನು ಕಳಚಿ, ತುದಿಯನ್ನು ಒಂದು ಗಾಜಿನ ಬಾಟಲಿಗೆ ಇಳಿಬಿಡಿ. ಒಬ್ಬರು ಬಾಟಲಿ ಹಿಡಿಯಲಿ, ಇನ್ನೊಬ್ಬರು 10 ಸೆಕೆಂಡು ಸೆಲ್ಫ್ ಹೊಡೆಯಲಿ.

ಪೆಟ್ರೋಲು ತಡೆತಡೆದು ಬಲವಾಗಿ ಚಿಮ್ಮಿದರೆ ಟ್ಯಾಂಕು, ಪೈಪು, ಪಂಪು ಮೂರೂ ಸರಿ. ತಡೆ ಇರುವುದು ಕಾರ್ಬುರೇಟರಿನ ಬಾಗಿಲಲ್ಲಿ. ಅಲ್ಲಿರುವ ಸಣ್ಣ ಜಾಲರಿಯಲ್ಲಿ ಕಸ ಕಟ್ಟಿರಬಹುದು, ಇಲ್ಲವೇ ಬಹುದಿನ ನಿಂತ ಪೆಟ್ರೋಲಿನ ಅಂಟಿನಿಂದ ಸೂಜಿ ಕವಾಟ ಮುಚ್ಚಿದಂತೆಯೇ ಹಿಡಿದುಕೊಂಡಿರಬಹುದು. ಬಟ್ಟಲಿನ ಮೈಯನ್ನು ಸ್ಕ್ರೂಡ್ರೈವರಿನ ಮರದ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಕೆಲವೊಮ್ಮೆ ಸೂಜಿ ಬಿಡುತ್ತದೆ. ಬಿಟ್ಟರೂ ಆಮೇಲೆ ಬಟ್ಟಲನ್ನು ಬಿಚ್ಚಿ ತೊಳೆಸಬೇಕು. ಜೆಟ್ಟಿನ ರಂಧ್ರವನ್ನು ತಂತಿಯಿಂದ ಚುಚ್ಚಕೂಡದು. ರಂಧ್ರ ಹಿಗ್ಗಿದರೆ ಪೆಟ್ರೋಲಿನ ಖರ್ಚು ಕಾಯಂ ಆಗಿ ಹೆಚ್ಚುತ್ತದೆ. ಗಾಳಿ ಊದಿಸಿದರೆ ಸಾಕು.

ಪೆಟ್ರೋಲು ಬಾರದಿದ್ದರೆ ಅಥವಾ ತೊಟ್ಟಿಕ್ಕಿದರೆ ಮುಂದಿನ ಮೆಟ್ಟಿಲು.

ಮೂರನೆಯ ಪರೀಕ್ಷೆ: ಪಂಪೇ, ಪಂಪಿನ ಹಿಂದೆಯೇ?

ಹೆಚ್ಚಿನ ಹಣ ಪೋಲಾಗುವುದು ಇಲ್ಲೇ. ಪೆಟ್ರೋಲು ಬರುತ್ತಿಲ್ಲವೆಂದರೆ ಪಂಪು ಕೆಟ್ಟಿದೆ ಎಂದು ಹೊಸದನ್ನು ಹಾಕಲಾಗುತ್ತದೆ. ಬಾವಿಯಲ್ಲಿ ನೀರಿಲ್ಲದೆ ಪಂಪ್‌ಸೆಟ್ ನೀರೆತ್ತದಿದ್ದರೆ ಅದು ಮೋಟಾರಿನ ತಪ್ಪೇ?

ಪಂಪಿನ ಒಳಬಾಗಿಲಿಗೆ, ಅಂದರೆ ಟ್ಯಾಂಕಿನ ಕಡೆಯಿಂದ ಪೈಪು ಬರುವಲ್ಲಿಗೆ, ಒಂದು ತುಂಡು ಹೊಸ ಪೆಟ್ರೋಲ್ ಪೈಪು ಸಿಕ್ಕಿಸಿ. ಅದರ ಇನ್ನೊಂದು ತುದಿಯನ್ನು ಅರ್ಧ ಲೀಟರ್ ಶುದ್ಧ ಪೆಟ್ರೋಲು ಇರುವ ಡಬ್ಬದಲ್ಲಿ ಮುಳುಗಿಸಿ, ಡಬ್ಬ ಉರುಳದಂತೆ ಹಿಡಿಯಿರಿ. ಕಾಯಿಲ್‌ನ ತಂತಿ ಕಳಚಿಯೇ ಇರಲಿ. ಮತ್ತೆ 10 ಸೆಕೆಂಡು ಸೆಲ್ಫ್ ಹೊಡೆಸಿ.

ಈಗ ಪಂಪು ಪೆಟ್ರೋಲು ಎತ್ತಿದರೆ ಪಂಪು ನಿರ್ದೋಷಿ. ದೋಷ ಹಿಂದಿನ ಪೈಪಿನಲ್ಲಿ ಅಥವಾ ಟ್ಯಾಂಕಿನಲ್ಲಿದೆ. ಎತ್ತದಿದ್ದರೆ ಡಯಾಫ್ರಮ್ ಹರಿದಿರಬಹುದು, ಇಲ್ಲವೇ ಕವಾಟ ಕಚ್ಚಿರಬಹುದು.

ಡಯಾಫ್ರಮ್ ಹರಿದಾಗ ಪೆಟ್ರೋಲು ಎಂಜಿನ್ ಆಯಿಲ್‌ಗೆ ಇಳಿಯುವ ಸಂಭವವಿದೆ. ಆಯಿಲ್ ಕಡ್ಡಿಯನ್ನು ಎಳೆದು ನೋಡಿ. ಮಟ್ಟ ಮೊದಲಿಗಿಂತ ಏರಿದ್ದು ಪೆಟ್ರೋಲಿನ ವಾಸನೆ ಬಂದರೆ ಎಂಜಿನ್ ಚಾಲೂ ಮಾಡಬೇಡಿ. ತೆಳುವಾದ ಆಯಿಲ್ ಬೇರಿಂಗುಗಳನ್ನು ತಿಂದುಹಾಕುತ್ತದೆ. ಪಂಪಿನೊಡನೆ ಆಯಿಲ್ಲನ್ನೂ ಬದಲಿಸಬೇಕು.

ನಾಲ್ಕನೆಯ ಪರೀಕ್ಷೆ: ಪೈಪು ಮತ್ತು ಟ್ಯಾಂಕು

1. ಮೊದಲು ಟ್ಯಾಂಕಿನಲ್ಲಿ ಪೆಟ್ರೋಲು ಇದೆಯೇ ನೋಡಿ. ಹಳೆಯ ಕಾರಿನ ಮುಳ್ಳನ್ನು ನಂಬುವಂತಿಲ್ಲ. ಮುಚ್ಚಳ ತೆಗೆದು ಕಾರನ್ನು ಅಲುಗಿಸಿದರೆ ಅಲೆಯ ಸದ್ದು ಕೇಳಬೇಕು.

2. ಮುಚ್ಚಳ ಬಿಚ್ಚುವಾಗ ಗಾಳಿ ಒಳಕ್ಕೆ ನುಗ್ಗುವ ಸದ್ದಾಯಿತೇ? ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಸರಾಗವಾಗಿ ಸುರಿಯುವುದಿಲ್ಲ, ಗಾಳಿಗೆ ಇನ್ನೊಂದು ತೂತು ಬೇಕು. ಟ್ಯಾಂಕಿಗೂ ಗಾಳಿಯ ದಾರಿ ಇರಲೇಬೇಕು. ಅದು ಧೂಳಿನಿಂದ ಕಟ್ಟಿದರೆ, ಅಥವಾ ಗಾಳಿ ಕೊಳವೆಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಮಾಡಿದರೆ, ಕಾರು ಸ್ವಲ್ಪ ದೂರ ಓಡಿ ನಿಲ್ಲುತ್ತದೆ. ಕಳೆದುಹೋದ ಮುಚ್ಚಳಕ್ಕೆ ಬದಲಾಗಿ ಗಾಳಿರಂಧ್ರವಿಲ್ಲದ ಬೇರೆ ಮುಚ್ಚಳ ಹಾಕಿದಾಗಲೂ ಹೀಗಾಗುತ್ತದೆ. ಮುಚ್ಚಳ ಸಡಿಲಿಸಿದೊಡನೆ ಕಾರು ಸರಿಯಾದರೆ ದೋಷ ಸಿಕ್ಕಿತು.

3. ಫಿಲ್ಟರನ್ನು ನೋಡಿ. ಕಂದು ಬಣ್ಣದ ಪುಡಿ ತುಂಬಿದ್ದರೆ ಟ್ಯಾಂಕಿನೊಳಗೆ ತುಕ್ಕು ಹಿಡಿದಿದೆ. ಫಿಲ್ಟರು ಬದಲಿಸಿದರೆ ಕೆಲವು ದಿನ ಓಡುತ್ತದೆ, ಮತ್ತೆ ಕಟ್ಟುತ್ತದೆ.

4. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪುಗಳನ್ನು ಬಗ್ಗಿಸಿ ನೋಡಿ. ಇದು ಹೀರುವ ಕಡೆ. ಪಂಪ್‌ಸೆಟ್ಟಿನ ಸಕ್ಷನ್ ಪೈಪಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ನೀರು ಏರದು, ಹೊರಗೆ ಒಂದು ಹನಿಯೂ ಸೋರದು. ಇಲ್ಲೂ ಹಾಗೆಯೇ. ಪೆಟ್ರೋಲು ಸೋರುವ ಬದಲು ಗಾಳಿ ಒಳಕ್ಕೆ ಹೋಗುತ್ತದೆ. ಕೊಟ್ಟಿಗೆಯ ಇಲಿಗಳು ಕಚ್ಚಿದ ಗುರುತಿದೆಯೇ ನೋಡಿ.

5. ಇವೆಲ್ಲ ಸರಿಯಿದ್ದರೆ ಮುಚ್ಚಳ ತೆರೆದಿಟ್ಟು, ಫಿಲ್ಟರನ್ನು ಕಳಚಿ, ಲೋಹದ ಪೈಪಿನ ಮುಂದಿನ ತುದಿಯಿಂದ ಸೈಕಲ್ ಪಂಪಿನಲ್ಲಿ ಮೆಲ್ಲಗೆ ಹಿಂದಕ್ಕೆ ಗಾಳಿ ಊದಿ. ಟ್ಯಾಂಕಿನಲ್ಲಿ ಗುಳುಗುಳು ಸದ್ದಾದರೆ ದಾರಿ ತೆರೆದಿದೆ. ಊದಿದ ಮೇಲೆ ಓಡಿ ಮತ್ತೆ ನಿಂತರೆ ಟ್ಯಾಂಕನ್ನು ಇಳಿಸಿ ತೊಳೆಸುವುದೇ ಪರಿಹಾರ.

ಟ್ಯಾಂಕಿಗೆ ತೂತು ಬಿದ್ದಿದ್ದರೆ ಅದನ್ನು ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ದು ಬೆಸುಗೆ ಹಾಕಿಸಬೇಡಿ. ಪೆಟ್ರೋಲು ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಒಳಗೆ ಉಳಿದ ಆವಿ ಗಾಳಿಯೊಡನೆ ಬೆರೆತು ಸಿಡಿಯುತ್ತದೆ.

ಪೆಟ್ರೋಲೇ ಕೆಟ್ಟಿದೆಯೇ?

ಎರಡನೆಯ ಪರೀಕ್ಷೆಯಲ್ಲಿ ಹಿಡಿದ ಬಾಟಲಿಯನ್ನು ನೆರಳಿನಲ್ಲಿ ಹತ್ತು ನಿಮಿಷ ಅಲುಗಾಡಿಸದೆ ಇಡಿ. ತಳದಲ್ಲಿ ಬೇರೆ ಪದರ ನಿಂತರೆ ನೀರು ಸೇರಿದೆ. ಹುಳಿ ವಾಸನೆ, ಕಡು ಬಣ್ಣ ಇದ್ದರೆ ಪೆಟ್ರೋಲು ಹಳತಾಗಿದೆ.

ಇಲ್ಲಿ ಒಂದು ಹೊಸ ಸಂಗತಿಯನ್ನು ಗಮನಿಸಬೇಕು. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮ ನಮ್ಮ ದೇಶದಲ್ಲಿ 2003ರಲ್ಲಿ ಶೇ. 5ರ ಪ್ರಮಾಣದಿಂದ ಆರಂಭವಾಯಿತು. 2022ರಲ್ಲಿ ಶೇ. 10 ತಲುಪಿತು. ಶೇ. 20 ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಈ ಎಥನಾಲ್ ಬರುವುದು ಕಬ್ಬು, ಮೆಕ್ಕೆಜೋಳ ಮುಂತಾದ ಬೆಳೆಗಳಿಂದ. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರಿಗೆ ಇದು ಬೇಡಿಕೆಯ ಮಾತು. ಆದರೆ ಅದೇ ಬೆಳೆಗಾರರ ಮನೆಯ ಹಳೆಯ ಕಾರು ಈ ಮಿಶ್ರಣಕ್ಕಾಗಿ ತಯಾರಾದದ್ದಲ್ಲ.

ಇದರಿಂದ ಮೂರು ತೊಂದರೆಗಳುಂಟು. ಮೊದಲನೆಯದಾಗಿ, ಹಳೆಯ ರಬ್ಬರ್ ಪೈಪು, ಡಯಾಫ್ರಮ್, ವಾಷರುಗಳು ಎಥನಾಲ್‌ನಿಂದ ಉಬ್ಬಿ, ಮೆತ್ತಗಾಗಿ, ಬಿರುಕು ಬಿಡಬಹುದು. ಎರಡನೆಯದಾಗಿ, ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ. ಒಂದು ಮಿತಿಯವರೆಗೆ ನೀರು ಕಣ್ಣಿಗೆ ಕಾಣದೆ ಬೆರೆತಿರುತ್ತದೆ. ಮಿತಿ ಮೀರಿದೊಡನೆ ನೀರು ಮತ್ತು ಎಥನಾಲ್ ಒಟ್ಟಿಗೆ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪೈಪು ಹೀರುವುದು ತಳದಿಂದಲೇ ಆದ್ದರಿಂದ ಎಂಜಿನ್ನಿಗೆ ಹೋಗುವುದು ಈ ಪದರವೇ. ಹೊಸ ಪೆಟ್ರೋಲು ಸುರಿದು ಇದನ್ನು ಸರಿಪಡಿಸಲಾಗದು, ಟ್ಯಾಂಕನ್ನು ಪೂರ್ತಿ ಬಸಿಯಬೇಕು. ಮೂರನೆಯದಾಗಿ, ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಆದ್ದರಿಂದ ಚಳಿಯ ಬೆಳಗಿನಲ್ಲಿ ಚೋಕ್ ಸರಿಯಾಗಿರುವುದು ಮೊದಲಿಗಿಂತ ಅಗತ್ಯ.

ಪೆಟ್ರೋಲು ಹೆಚ್ಚಾದಾಗ

ಪ್ಲಗ್ ಒದ್ದೆಯಾಗಿದ್ದರೆ ಚೋಕನ್ನು ಪೂರ್ತಿ ಒಳಕ್ಕೆ ತಳ್ಳಿ, ಆಕ್ಸಿಲರೇಟರನ್ನು ನೆಲಕ್ಕೆ ತಾಗುವಂತೆ ಒತ್ತಿ ಹಿಡಿದು 10 ಸೆಕೆಂಡು ಸೆಲ್ಫ್ ಹೊಡೆಯಿರಿ. ಪದೇ ಪದೇ ತುಳಿಯಬೇಡಿ. ಒಂದೊಂದು ತುಳಿತಕ್ಕೂ ಇನ್ನಷ್ಟು ಪೆಟ್ರೋಲು ಒಳಗೆ ಬೀಳುತ್ತದೆ. ಕಾರ್ಬುರೇಟರಿನಿಂದ ಪೆಟ್ರೋಲು ಹೊರಕ್ಕೆ ಉಕ್ಕುತ್ತಿದ್ದರೆ ಸೆಲ್ಫ್ ಹೊಡೆಯುವುದನ್ನೇ ನಿಲ್ಲಿಸಿ. ಸೂಜಿ ಕವಾಟದಲ್ಲಿ ಕಸ ಸಿಕ್ಕಿದೆ, ಇಲ್ಲವೇ ಫ್ಲೋಟು ತೂತಾಗಿ ಮುಳುಗಿದೆ.

ಬಿಸಿಲಿನಲ್ಲಿ ನಿಂತ ಕಾರು

ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿಯ ಕಡೆ ಇನ್ನೊಂದು ತೊಂದರೆ ಕಂಡುಬರುವುದುಂಟು. ದೂರ ಓಡಿ ಬಂದ ಕಾರನ್ನು ನಿಲ್ಲಿಸಿ ಕಾಲು ಗಂಟೆಯ ಮೇಲೆ ಹೊರಟರೆ ಚಾಲೂ ಆಗುವುದಿಲ್ಲ. ಎಂಜಿನ್ನಿನ ಶಾಖಕ್ಕೆ ಪಂಪು, ಪೈಪುಗಳಲ್ಲಿ ಪೆಟ್ರೋಲು ಆವಿಯಾಗಿರುತ್ತದೆ. ಪಂಪು ಆವಿಯನ್ನು ಎತ್ತಲಾರದು. ಬಾನೆಟ್ ತೆರೆದು, ಪಂಪು ಮತ್ತು ಪೈಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಅರ್ಧ ಗಂಟೆ ಕಾಯಿರಿ. ಯಾವ ಭಾಗವನ್ನೂ ಬಿಚ್ಚಬೇಕಾಗಿಲ್ಲ.

ಮುಂಜಾಗ್ರತೆಯ ಕ್ರಮಗಳು

* ವಾರಕ್ಕೊಮ್ಮೆ ಕಾರನ್ನು ಚಾಲೂ ಮಾಡಿ, ಎಂಜಿನ್ ಪೂರ್ತಿ ಬಿಸಿಯಾಗುವಂತೆ ಏಳೆಂಟು ಕಿಲೋಮೀಟರ್ ಓಡಿಸಿ.
* ಮಳೆಗಾಲದಲ್ಲಿ ಟ್ಯಾಂಕು ಅರ್ಧಕ್ಕಿಂತ ಹೆಚ್ಚು ತುಂಬಿರಲಿ. ಖಾಲಿ ಜಾಗದ ತೇವದ ಗಾಳಿಯೇ ರಾತ್ರಿ ನೀರಾಗುತ್ತದೆ.
* ತಿಂಗಳುಗಟ್ಟಲೆ ಓಡಿಸುವುದಿಲ್ಲವಾದರೆ ಪೆಟ್ರೋಲನ್ನು ಬಸಿದು ದ್ವಿಚಕ್ರ ವಾಹನಕ್ಕೆ ಬಳಸಿಬಿಡಿ.
* ಫಿಲ್ಟರನ್ನು ವರ್ಷಕ್ಕೊಮ್ಮೆ ಬದಲಿಸಿ.
* ರಬ್ಬರ್ ಪೈಪು, ಡಯಾಫ್ರಮ್ ಕೊಳ್ಳುವಾಗ ಎಥನಾಲ್ ಮಿಶ್ರಣಕ್ಕೆ ತಕ್ಕವನ್ನೇ ಕೇಳಿ ಪಡೆಯಿರಿ. ನೀರಿನ ಪೈಪಿನ ತುಂಡನ್ನು ಎಂದಿಗೂ ಹಾಕಬೇಡಿ.
* ಒಂದು ಫಿಲ್ಟರು, ಒಂದು ಗಜ ಪೈಪು, ನಾಲ್ಕು ಕ್ಲಿಪ್ಪು, ಒಂದು ಪ್ಲಗ್ ಕಾರಿನಲ್ಲಿ ಸದಾ ಇರಲಿ.

ಕೊನೆಯದಾಗಿ

ಕಿಡಿ ನೋಡಿ, ಪ್ಲಗ್ ನೋಡಿ. ಆಮೇಲೆ ಬಟ್ಟಲು, ಬಾಗಿಲು, ಪಂಪು, ಟ್ಯಾಂಕು ಎಂಬ ಅನುಕ್ರಮದಲ್ಲಿ ಹಿಂದಕ್ಕೆ ನಡೆಯಿರಿ. ಒಂದು ಪರೀಕ್ಷೆ ಮುಗಿದು ಉತ್ತರ ಸಿಗುವವರೆಗೆ ಇನ್ನೊಂದನ್ನು ಮುಟ್ಟಬೇಡಿ. ಬಿಚ್ಚುವ ಕೆಲಸ ನಿಮ್ಮಿಂದ ಆಗದಿದ್ದರೂ ಚಿಂತೆಯಿಲ್ಲ. "ಕಾರು ಚಾಲೂ ಆಗುತ್ತಿಲ್ಲ, ಬಂದು ನೋಡಿ" ಎನ್ನುವುದಕ್ಕೂ "ಕಿಡಿ ಇದೆ, ಡಬ್ಬದಿಂದ ಕೊಟ್ಟರೆ ಪಂಪು ಎತ್ತುತ್ತದೆ, ಟ್ಯಾಂಕಿನಿಂದ ಎತ್ತುವುದಿಲ್ಲ" ಎನ್ನುವುದಕ್ಕೂ ಬಹಳ ವ್ಯತ್ಯಾಸವಿದೆ. ಎರಡನೆಯ ಮಾತು ಹೇಳಬಲ್ಲ ರೈತರ ಕಾರಿಗೆ ಬೇಡದ ಪಂಪು ಬೀಳುವುದಿಲ್ಲ. ಕೊಯ್ಲಿನ ಬಿಡುವಿನ ಒಂದು ಭಾನುವಾರ, ಕಾರು ಚೆನ್ನಾಗಿರುವಾಗಲೇ ಬಾನೆಟ್ ತೆರೆದು ಈ ಹಾದಿಯನ್ನು ಒಮ್ಮೆ ಗುರುತಿಸಿಟ್ಟುಕೊಳ್ಳಿ.